ಅಂಗೈಯಗಲದ ಕಂಪ್ಯೂಟರಿಗೆ ಉಗ್ರಾಣ ಕಟ್ಟಿದ್ದು

ಅರ್ಥವಾಗದ ಮಾತಿಗೆ ತಲೆಯಾಡಿಸುವುದು ನನ್ನ ಹಳೆಯ ಕಾಯಿಲೆ. ಅದು ಅಂಟಿಕೊಂಡದ್ದು ವಿಶಾಖಪಟ್ಟಣದಲ್ಲಿ. ರಾಣೆಬೆನ್ನೂರಿನಿಂದ ಹೊರಟು ನೌಕಾಪಡೆ ಸೇರಿ ಈ ಊರಿಗೆ ಬಂದಿಳಿದಾಗ ನನಗೆ ತೆಲುಗಿನ ಒಂದಕ್ಷರವೂ ಬರುತ್ತಿರಲಿಲ್ಲ. ಯಾರಾದರೂ ಏನಾದರೂ ಹೇಳಿದಾಗ ‘ತಿಳಿಯಲಿಲ್ಲ’ ಎಂದು ಮುಖ ಮಾಡಿದರೆ ಅವರು ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳುತ್ತಿದ್ದರು. ನನ್ನ ತೊಂದರೆ ಕಿವಿಯದಲ್ಲ, ಭಾಷೆಯದು ಎಂದು ಅವರಿಗೆ ವಿವರಿಸುವುದಕ್ಕೂ ತೆಲುಗೇ ಬೇಕಾಗಿತ್ತು. ತಲೆಯಾಡಿಸಿದರೆ ಮಾತ್ರ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹೀಗೆ ತಲೆಯಾಡಿಸಿ ಒಮ್ಮೆ ಕ್ಷೌರದಂಗಡಿಯಲ್ಲಿ ಮೀಸೆ ಕಳೆದುಕೊಂಡೆ. ಇನ್ನೊಮ್ಮೆ ಸಿಂಹಾಚಲಕ್ಕೆಂದು ಹತ್ತಿದ ಬಸ್ಸಿನಿಂದ ಭೀಮಿಲಿಯ ಸಮುದ್ರದ ದಂಡೆಯಲ್ಲಿ ಇಳಿದೆ. ಇವೆಲ್ಲ ಸಣ್ಣ ನಷ್ಟಗಳು. ದೊಡ್ಡದು ವಿಜಯವಾಡದ ಒನ್ ಟೌನಿನಲ್ಲಿ ಆಯಿತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ತನ್ನ ತಂಗಿ ಪದ್ಮಳನ್ನು ನೋಡಲು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. ಅವಳ ತಂದೆ, ಅಂದರೆ ಮುಂದೆ ನನ್ನ ಮಾವನಾದ ವೆಂಕಟರತ್ನಂ ಅವರು, ನನ್ನನ್ನು ಎದುರಿಗೆ ಕೂರಿಸಿಕೊಂಡು ಗಂಭೀರವಾಗಿ ಒಂದು ಪ್ರಶ್ನೆ ಕೇಳಿದರು. ನಾನು ಅದಕ್ಕಿಂತ ಗಂಭೀರವಾಗಿ ತಲೆಯಾಡಿಸಿದೆ. ಎಲ್ಲರೂ ಸಂತೋಷಪಟ್ಟರು. ನೌಕರಿ ಮುಗಿದ ಮೇಲೂ ಆಂಧ್ರದಲ್ಲೇ ಇರುತ್ತೀರಾ ಎಂದು ಅವರು ಕೇಳಿದ್ದರಂತೆ. ನಾನು ಕೊಟ್ಟ ಮಾತು ಅದು ಎಂದು ಮದುವೆಯಾಗಿ ಎರಡು ವರ್ಷದ ಮೇಲೆ ತಿಳಿಯಿತು. ನೌಕಾಪಡೆಯಿಂದ ನಿವೃತ್ತನಾಗಿ, ದುವ್ವಾಡದ ರಫ್ತು ವಲಯದಲ್ಲಿ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗವನ್ನು ನೋಡಿಕೊಂಡು ನಾನಿನ್ನೂ ವಿಶಾಖಪಟ್ಟಣದಲ್ಲಿರುವುದಕ್ಕೆ ಕಾರಣ ಆ ಒಂದು ತಲೆಯಾಟ.

ಈಗ ತೆಲುಗು ಬರುತ್ತದೆ. ಕಾಯಿಲೆ ಮಾತ್ರ ಹೋಗಿಲ್ಲ. ತೆಲುಗು ಬಂದ ಹೊತ್ತಿಗೆ ಕಂಪ್ಯೂಟರಿನ ಭಾಷೆ ಎದುರಿಗೆ ಬಂದು ನಿಂತಿತು.

ನಮ್ಮ ಮಗಳು ಲಾಸ್ಯ ವಿಜಯವಾಡದಲ್ಲಿ ಅಜ್ಜನ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಾಳೆ. ಹೋದ ರಜೆಯಲ್ಲಿ ಬಂದಾಗ ಅವಳು ಬಿಟ್ಟುಹೋದ ಸಾಮಾನುಗಳಲ್ಲಿ ಒಂದು ಹಸಿರು ಹಲಗೆ ಇತ್ತು. ನನ್ನ ಅಂಗೈಯಷ್ಟೇ ಅಗಲ. ಅದರ ಮೇಲೆ ಸಣ್ಣ ಸಣ್ಣ ಲೋಹದ ಕಟ್ಟಡಗಳು, ಪಕ್ಕಕ್ಕೆ ನಾಲ್ಕೈದು ತೂತುಗಳು. ಎತ್ತರದ ಮಹಡಿಯಿಂದ ಯಾವುದೋ ಊರನ್ನು ನೋಡಿದ ಹಾಗಿತ್ತು. “ಇದು ಕಂಪ್ಯೂಟರ್, ನಾನ್ನಾ” ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ. ಅಪ್ಪ ಎಂಬ ಪದ ಮಾತ್ರ ಹುಟ್ಟಿದಾಗಿನಿಂದ ತೆಲುಗಿನಲ್ಲೇ ಬಂದಿದೆ. ಕಂಪ್ಯೂಟರ್ ಎಂದರೆ ಉಳಿದದ್ದೆಲ್ಲ ಎಲ್ಲಿ ಎಂದು ಕೇಳಿದೆ. ಉಳಿದದ್ದೇನೂ ಇಲ್ಲ, ಇಷ್ಟೇ, ಟಿವಿಗೆ ಸಿಕ್ಕಿಸಿದರೆ ಟಿವಿಯೇ ಪರದೆ, ಉಗುರಿನಷ್ಟಿರುವ ಈ ಮೆಮೊರಿ ಕಾರ್ಡಿನಲ್ಲೇ ಅದರ ಬುದ್ಧಿ ಎಲ್ಲ ಇದೆ ಎಂದಳು. ನಾನು ತಲೆಯಾಡಿಸಿದೆ. ಅವಳು ಅದನ್ನು ಟಿವಿಗೆ ಜೋಡಿಸಿ, ಫೋಟೊ ನೋಡುವುದನ್ನು ಕಲಿಸಿ ಹೋದಳು.

ಮಾವನವರಿಗೆ ಎಂಬತ್ತು ತುಂಬಿ ಒನ್ ಟೌನಿನ ಮನೆಯಲ್ಲಿ ಶಾಂತಿ ಇಟ್ಟುಕೊಂಡಾಗ ಪದ್ಮ ಒಂದು ಆಸೆ ಹೇಳಿದಳು. ಆರು ವರ್ಷದ ಹಿಂದೆ ನನ್ನ ಅವ್ವ ಊರಿನಿಂದ ಬಂದು ನಮ್ಮ ಮನೆಯಲ್ಲಿ ಆರು ತಿಂಗಳು ಇದ್ದಳು. ಆಗಲೇ ಮಾವನವರೂ ಕಣ್ಣಿನ ಆಪರೇಷನ್ನಿಗೆಂದು ಬಂದು ಮೂರು ವಾರ ನಿಂತರು. ಅವ್ವನಿಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು. ಆದರೂ ಬೀಗರಿಬ್ಬರೂ ದಿನವೂ ಸಂಜೆ ವರಾಂಡದಲ್ಲಿ ಎರಡು ಕುರ್ಚಿ ಹಾಕಿಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವಳು ಹಾವೇರಿ ಕಡೆಯ ಕನ್ನಡದಲ್ಲಿ ರೊಟ್ಟಿಯ ವಿಷಯ ಹೇಳಿದರೆ ಅವರು ತೆಲುಗಿನಲ್ಲಿ ಕಾಗದದ ಸಗಟು ವ್ಯಾಪಾರದ ವಿಷಯ ಹೇಳುವರು. ಇಬ್ಬರಿಗೂ ಸರಿಯಾದ ಉತ್ತರ ಸಿಕ್ಕಿದ ತೃಪ್ತಿ ಇರುತ್ತಿತ್ತು. ಆಗಿನ್ನೂ ಶಾಲೆಯಲ್ಲಿದ್ದ ಲಾಸ್ಯ ನಕ್ಕು ನಕ್ಕು ಸಾಕಾಗಿ ಅದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದಳು. ಅವ್ವ ತೀರಿಕೊಂಡು ಈಗ ನಾಲ್ಕು ವರ್ಷ. ಆ ಮೊಬೈಲು ಸಮುದ್ರದ ಪಾಲಾಯಿತು. ವಿಡಿಯೊ ಉಳಿದಿರುವುದು ಬೀರುವಿನಲ್ಲಿರುವ ಹಳೆಯ ಹಾರ್ಡ್ ಡಿಸ್ಕ್ ಒಂದರಲ್ಲಿ ಮಾತ್ರ. ಉಳಿದ ಫೋಟೊಗಳೆಲ್ಲ ಲಾಸ್ಯಳ ಲ್ಯಾಪ್‌ಟಾಪಿನಲ್ಲೂ ಇವೆ. ಇದು ಬಹಳ ಜಾಗ ತಿನ್ನುತ್ತದೆಂದು ಅವಳು ಅಲ್ಲಿ ಇಟ್ಟಿರಲಿಲ್ಲ.

“ಅಂದು ಎಲ್ಲರೂ ಸೇರ್ತಾರೆ. ನಾನ್ನಗಾರು, ಅತ್ತಯ್ಯ ಮಾತಾಡೋದನ್ನ ಟಿವಿಯಲ್ಲಿ ಹಾಕಬೇಕು” ಎಂದಳು ಪದ್ಮ. ಅವಳಿಗೆ ತಂದೆ ನಾನ್ನಗಾರು, ನನ್ನ ಅವ್ವ ಅತ್ತಯ್ಯ. “ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದುಬಿಡಿ, ಚಾಲು.”

ಚಾಲು ಎಂದರೆ ತೆಲುಗಿನಲ್ಲಿ ಸಾಕು ಎಂದರ್ಥ. ಆ ಮಾತನ್ನು ಅಂದೇ ಕೇಳಿದ್ದರೆ ಸಾಕಾಗುತ್ತಿತ್ತು. ಆದರೆ ನಾನು ಹಡಗಿನ ಉಗ್ರಾಣದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಸಾವಿರಾರು ನಟ್ಟು ಬೋಲ್ಟುಗಳಲ್ಲಿ ಕೇಳಿದ್ದನ್ನು ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದೆ. ನನ್ನ ಅವ್ವನನ್ನು ಪೆನ್‌ಡ್ರೈವಿನಂಥ, ಜೇಬಿನ ತೂತಿನಲ್ಲಿ ಕಳೆದುಹೋಗುವ ವಸ್ತುವಿನಲ್ಲಿ ಇಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಳೆಯ ಡಿಸ್ಕಿಗೂ ವಯಸ್ಸಾಗಿದೆ. ಒಂದು ಹೊಸ ಡಿಸ್ಕ್ ತಂದು, ಆ ಅಂಗೈಯಗಲದ ಕಂಪ್ಯೂಟರಿಗೆ ಶಾಶ್ವತವಾಗಿ ಜೋಡಿಸಿ, ನಮ್ಮ ಮನೆತನದ ಉಗ್ರಾಣವನ್ನೇ ಕಟ್ಟುತ್ತೇನೆ, ಅದನ್ನೇ ವಿಜಯವಾಡಕ್ಕೆ ಒಯ್ಯುತ್ತೇನೆ ಎಂದೆ. ಪದ್ಮ ನನ್ನನ್ನೇ ಒಂದು ಕ್ಷಣ ನೋಡಿದಳು. “ಏಮಂಡೀ, ಮೊದಲು ವಿಡಿಯೊ ಭದ್ರವಾಗಿರಲಿ, ಆಮೇಲೆ ಉಗ್ರಾಣ” ಎಂದು ಅಡುಗೆಮನೆಗೆ ಹೋದಳು.

ದ್ವಾರಕಾ ನಗರದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಒಂದು ಸಣ್ಣ ಅಂಗಡಿಯಿದೆ. ನಡೆಸುವವರು ಸತ್ಯವತಿ ಎಂಬ ನಡುವಯಸ್ಸಿನ ಹೆಂಗಸು. ಮೂಗಿನ ತುದಿಯ ಕನ್ನಡಕದ ಮೇಲಿನಿಂದ ಗಿರಾಕಿಯನ್ನು ನೋಡಿ, ಅವನಿಗೆ ಎಷ್ಟು ಗೊತ್ತು ಎಂಬುದನ್ನು ಕ್ಷಣದಲ್ಲಿ ಅಳೆದುಬಿಡುತ್ತಾರೆ. ಯಾವುದಕ್ಕೆ ಡಿಸ್ಕು ಎಂದು ಕೇಳಿದರು. ಹೇಳಿದೆ. ಅವರು ಒಂದು ಡಿಸ್ಕನ್ನು ಮುಂದಿಟ್ಟು, ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯನ್ನೂ ಇಟ್ಟರು. “ಆ ಬೋರ್ಡುಕಿ ಪವರ್ ಸರಿಪೋದು ಸಾರ್. ಹಬ್ ಕೂಡಾ ತೀಸುಕೋಂಡಿ.” ಬೋರ್ಡಿನ ಶಕ್ತಿ ಸಾಲದು, ಇದನ್ನೂ ತೆಗೆದುಕೊಳ್ಳಿ ಎಂದು. ಮಾತು ತಿಳಿಯಿತು. ವಿಷಯ ತಿಳಿಯಲಿಲ್ಲ. ಅಂಗಡಿಯವರು ಒಂದರ ಜೊತೆ ಇನ್ನೊಂದನ್ನು ದಾಟಿಸುವುದು ಇದ್ದದ್ದೇ ಎಂದುಕೊಂಡು, ಎಲ್ಲಾ ತಿಳಿದವನಂತೆ ತಲೆಯಾಡಿಸಿ, ಡಿಸ್ಕನ್ನು ಮಾತ್ರ ತೆಗೆದುಕೊಂಡು ಬಂದೆ. ಅವರು ಆ ಪೆಟ್ಟಿಗೆಯನ್ನು ಒಳಗೆ ಇಡದೆ ಗಲ್ಲಾದ ಪಕ್ಕದಲ್ಲೇ ಇಟ್ಟುಕೊಂಡರು.

ಮನೆಗೆ ಬಂದು ಹೊಸ ಡಿಸ್ಕನ್ನು ಬೋರ್ಡಿನ ತೂತಿಗೆ ಸಿಕ್ಕಿಸಿದೆ. ಡಿಸ್ಕಿನ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಒಳಗಿನಿಂದ ಟಿಕ್, ಟಿಕ್ ಎಂದು ಹಲ್ಲಿ ಲೊಚಗುಟ್ಟಿದಂತೆ ಸದ್ದು. ಟಿವಿಯ ಮೂಲೆಯಲ್ಲಿ ಹಳದಿ ಬಣ್ಣದ ಮಿಂಚಿನ ಗುರುತೊಂದು ಕಾಣಿಸಿಕೊಂಡಿತು. ನನಗೆ ಬಹಳ ಸಂತೋಷವಾಯಿತು. ಮಿಂಚು ಎಂದರೆ ವೇಗ. ಹೊಸ ಡಿಸ್ಕು ಬಂದ ಮೇಲೆ ಯಂತ್ರಕ್ಕೆ ಹುರುಪು ಬಂದಿದೆ ಎಂದು ಪದ್ಮಳನ್ನು ಕರೆದು ತೋರಿಸಿದೆ. ಅವಳು ಸದ್ದು ಕೇಳಿ, “ಹಲ್ಲಿ ಸತ್ಯ ಅಂತಿದೆ. ಯಾವುದಕ್ಕೆ ಸತ್ಯ ಅಂತಿದೆಯೋ” ಎಂದಳು. ಅರ್ಧ ಗಂಟೆಯಾದರೂ ಡಿಸ್ಕು ಪರದೆಯ ಮೇಲೆ ಬರಲಿಲ್ಲ. ಲಾಸ್ಯಳಿಗೆ ಫೋನು ಮಾಡಿ, ಮಿಂಚು ಚೆನ್ನಾಗಿ ಬರುತ್ತಿದೆ, ಡಿಸ್ಕು ಮಾತ್ರ ಬರುತ್ತಿಲ್ಲ ಎಂದೆ. ಆ ಕಡೆಯಿಂದ ಕೆಮ್ಮಿದ ಸದ್ದು ಬಂತು. ನಗು ತಡೆದುಕೊಳ್ಳುತ್ತಿದ್ದಳೆಂದು ಕಾಣುತ್ತದೆ.

“ನಾನ್ನಾ, ಮಿಂಚು ಅಂದ್ರೆ ಕರೆಂಟು ಸಾಲ್ತಿಲ್ಲ ಅಂತ. ಬೋರ್ಡು ತಾನೇ ಉಪವಾಸ ಇದೆ. ಅದು ಡಿಸ್ಕಿಗೆ ಎಲ್ಲಿಂದ ಊಟ ಹಾಕುತ್ತೆ? ಬೇರೆ ಪ್ಲಗ್ ಇರೋ ಹಬ್ ತಗೋ, ಅದು ಗೋಡೆಯಿಂದಲೇ ಡಿಸ್ಕಿಗೆ ಕರೆಂಟು ಕೊಡುತ್ತೆ.”

ಮರುದಿನ ಮತ್ತೆ ದ್ವಾರಕಾ ನಗರ. ನಾನು ಬಾಯಿ ತೆರೆಯುವ ಮೊದಲೇ ಸತ್ಯವತಿಯವರು ಗಲ್ಲಾದ ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದರು. “ಮೀ ಕೋಸಮೇ ಉಂಚಾನಂಡಿ” ಎಂದರು. ನಿಮಗೆಂದೇ ಇಟ್ಟಿದ್ದೆ ಎಂದು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ದಡ್ಡನೆಂದು ಕರೆದಿಲ್ಲ.

ಹಬ್ ಬಂದ ಮೇಲೆ ಮಿಂಚು ಹೋಯಿತು, ಹಲ್ಲಿಯೂ ಸುಮ್ಮನಾಯಿತು. ಎರಡೂ ಡಿಸ್ಕುಗಳನ್ನು ಸಿಕ್ಕಿಸಿ ಲಾಸ್ಯಳಿಗೆ ಫೋನು ಮಾಡಿದೆ. ಅವಳು ಹೇಳಿದ್ದು ನನಗೆ ಎಷ್ಟು ತಿಳಿಯಿತೋ ಅಷ್ಟನ್ನು ಹೇಳುತ್ತೇನೆ. ಈ ಕಂಪ್ಯೂಟರಿನಲ್ಲಿ ಹೊಸ ಡಿಸ್ಕು ತಾನಾಗಿ ಒಂದು ಹೆಸರು ಹಿಡಿದು ಬಂದು ನಿಲ್ಲುವುದಿಲ್ಲ. ಮೊದಲು ಒಂದು ಖಾಲಿ ಫೋಲ್ಡರ್ ಮಾಡಬೇಕು. ಆಮೇಲೆ ಡಿಸ್ಕನ್ನು ಆ ಫೋಲ್ಡರಿನ ಮೇಲೆ ತಂದು ಕೂರಿಸಬೇಕು. ಅದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಕೂತ ಮೇಲೆ ಫೋಲ್ಡರಿನ ಬಾಗಿಲು ತೆಗೆದರೆ ಕಾಣುವುದು ಡಿಸ್ಕು.

“ಅಂದರೆ ಫೋಲ್ಡರು ಡಿಸ್ಕಿನಲ್ಲಿರಂಗಿಲ್ಲ, ಡಿಸ್ಕು ಫೋಲ್ಡರಿನ್ಯಾಗ ಇರತೈತಿ?” ಎಂದೆ. ತಲೆ ಕೆಟ್ಟಾಗ ನನಗೆ ಊರ ಕನ್ನಡವೇ ಬರುತ್ತದೆ.

“ಹಾಗೇ ಅಂದ್ಕೋ.”

“ಮತ್ತ ಆ ಫೋಲ್ಡರು ಎಲ್ಲಿರತೈತಿ?”

“ಮೆಮೊರಿ ಕಾರ್ಡಿನಲ್ಲಿ. ಅರ್ಥ ಆಯ್ತಾ ನಾನ್ನಾ?”

ನಾನು ಫೋನಿಗೆ ತಲೆಯಾಡಿಸಿದೆ. ಸುಮ್ಮನಿದ್ದುದನ್ನು ಅವಳು ಹೌದೆಂದು ತಿಳಿದುಕೊಂಡಳು. ಟೈಪ್ ಮಾಡಬೇಕಾದ ಸಾಲುಗಳನ್ನು ಮೆಸೇಜಿನಲ್ಲಿ ಕಳಿಸಿದಳು. ಒಂದು ಸಾಲು ಫೋಲ್ಡರ್ ಮಾಡಲು, ಒಂದು ಸಾಲು ಡಿಸ್ಕನ್ನು ಈಗ ಕೂರಿಸಲು, ಇನ್ನೊಂದು ಪ್ರತಿ ಸಲ ಕಂಪ್ಯೂಟರ್ ಶುರುವಾದಾಗ ಡಿಸ್ಕು ತಾನೇ ಬಂದು ಕೂರುವಂತೆ ಬರೆದಿಡಲು. ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಫೋಲ್ಡರಿಗೆ ‘ಉಗ್ರಾಣ’ ಎಂದು ಹೆಸರಿಟ್ಟೆ. ಎರಡನೆಯ ಸಾಲು ಒತ್ತಿದಾಗ ಯಂತ್ರ ಇಂಗ್ಲಿಷಿನಲ್ಲಿ ಏನೋ ಒಂದು ವಾಕ್ಯ ಹೇಳಿತು. ದೊಡ್ಡ ಅಕ್ಷರದಲ್ಲೇನೂ ಹೇಳಲಿಲ್ಲ, ಕೆಂಪು ಬಣ್ಣವೂ ಇರಲಿಲ್ಲ. ಆಯಿತು ಎನ್ನುತ್ತಿದೆ ಎಂದುಕೊಂಡು ಮುಂದಿನದನ್ನು ಒತ್ತಿದೆ. ನಾನೊಂದು ಅಕ್ಷರ ತಪ್ಪಾಗಿ ಒತ್ತಿದ್ದೆ, ಡಿಸ್ಕು ಕೂತಿರಲೇ ಇಲ್ಲ ಎಂದು ಅದು ಹೇಳಿತ್ತಂತೆ.

ಅವ್ವನ ವಿಡಿಯೊಗಳನ್ನು ಹಳೆಯ ಡಿಸ್ಕಿನಿಂದ ‘ಉಗ್ರಾಣ’ಕ್ಕೆ ಕಾಪಿ ಮಾಡಿದೆ. ಗೆರೆ ನಿಧಾನವಾಗಿ ಎಡದಿಂದ ಬಲಕ್ಕೆ ತುಂಬುತ್ತಾ ಹೋಯಿತು. ತುಂಬಿದ ಮೇಲೆ ಫೋಲ್ಡರ್ ತೆರೆದು ನೋಡಿದೆ. ಎಲ್ಲ ಇದ್ದವು. ಆದರೆ ಪರದೆಯ ಮೇಲೆ, ಜಾಗ ಕಡಿಮೆಯಾಗಿದೆ ಎಂಬ ಸಣ್ಣ ಎಚ್ಚರಿಕೆಯೊಂದು ಮೂಡಿತು. ನನಗೆ ಗೊಂದಲವಾಯಿತು. ಇಷ್ಟು ದೊಡ್ಡ ಡಿಸ್ಕು, ಹತ್ತು ವಿಡಿಯೊಗೆ ಜಾಗ ಕಡಿಮೆಯಾಗುವುದೆಂದರೇನು? ಯಂತ್ರ ಇನ್ನೂ ಲೆಕ್ಕ ಹಾಕಿ ಮುಗಿಸಿಲ್ಲ ಎಂದು ತೀರ್ಮಾನಿಸಿದೆ. ಹಡಗಿನಲ್ಲಿಯೂ ಹೊಸದಾಗಿ ಬಂದವರು ಹೀಗೆಯೇ ಗಾಬರಿಯಾಗುತ್ತಿದ್ದರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಂದು ಕೆಲಸ ನೆಟ್ಟಗಾದರೆ ಅದರ ಬಿಸಿಯಲ್ಲೇ ಇನ್ನೊಂದನ್ನು ಕೆಡಿಸುವುದು ನನ್ನ ಸ್ವಭಾವ. ಹಳೆಯ ಡಿಸ್ಕು ಫೈಲುಗಳನ್ನು ಬರೆದಿಡುವ ರೀತಿ ಈ ಯಂತ್ರಕ್ಕೆ ಅಷ್ಟು ಒಗ್ಗುವುದಿಲ್ಲ, ಎಲ್ಲ ಭದ್ರವಾದ ಮೇಲೆ ಯಾವಾಗಲಾದರೂ ಅದನ್ನು ಅಳಿಸಿ ಹೊಸದಾಗಿ ಮಾಡಿಕೊಳ್ಳಬಹುದು ಎಂದು ಲಾಸ್ಯ ಹಿಂದೆ ಹೇಳಿದ್ದಳು. ಅವಳು ಹೇಳಿದ ‘ಯಾವಾಗಲಾದರೂ’ ಎಂಬುದು ನನಗೆ ‘ಈಗಲೇ’ ಎಂದು ಕೇಳಿಸಿತು. ಫಾರ್ಮ್ಯಾಟ್ ಎಂಬುದನ್ನು ಒತ್ತಿದೆ. ಎಲ್ಲವೂ ಅಳಿಸಿಹೋಗುತ್ತದೆ, ಖಚಿತವೇ ಎಂದು ಯಂತ್ರ ಕೇಳಿತು. ಜೀವನದಲ್ಲಿ ಯಾವ ಪ್ರಶ್ನೆಗೆ ತಾನೇ ನಾನು ಇಲ್ಲ ಎಂದಿದ್ದೇನೆ? ಹೌದು ಎಂದು ಒತ್ತಿದೆ. ಕಾಪಿಯಾಗಲು ಅಷ್ಟು ಹೊತ್ತು ಹಿಡಿದದ್ದು, ಅಳಿಸಿಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಭಾನುವಾರ. ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ಹೋಗಿ ಅರ್ಧ ಗಂಟೆಯ ಮೇಲೆ ಬಂತು. ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಯಿತು. ಪದ್ಮ ಕೈ ಒರೆಸಿಕೊಳ್ಳುತ್ತಾ ಬಂದು ಕೂತು, “ಸ್ವಲ್ಪ ಹಾಕಿ ನೋಡೋಣ, ಅತ್ತಯ್ಯನ ಮಾತು ಕೇಳಿ ಎಷ್ಟು ದಿನ ಆಯಿತು” ಎಂದಳು. ಗತ್ತಿನಿಂದ ‘ಉಗ್ರಾಣ’ದ ಬಾಗಿಲು ತೆರೆದೆ. ಒಳಗೆ ಏನೂ ಇರಲಿಲ್ಲ. ಮುಚ್ಚಿ ತೆರೆದೆ. ಏನೂ ಇಲ್ಲ. ಹಳೆಯ ಡಿಸ್ಕನ್ನು ತೆರೆದೆ. ಅದನ್ನಂತೂ ನಾನೇ ಗುಡಿಸಿ ಸಾರಿಸಿ ಇಟ್ಟಿದ್ದೆ.

ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತು, “ಟಿವಿಯ ಕೇಬಲ್ಲು ಸರಿಯಿಲ್ಲ ಅಂತ ಕಾಣತೈತಿ.”

ಪದ್ಮ ಟಿವಿಯನ್ನು ನೋಡಿದಳು. ಅದರಲ್ಲಿ ಖಾಲಿ ಫೋಲ್ಡರ್ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ಎದ್ದು ಅಡುಗೆಮನೆಗೆ ಹೋದಳು.

ಆಮೇಲಿನ ಐದು ದಿನ ನಾನು ಹೇಗಿದ್ದೆ ಎಂದು ದುವ್ವಾಡದ ನಮ್ಮ ಪ್ಯಾಕಿಂಗ್ ವಿಭಾಗದವರನ್ನು ಕೇಳಬೇಕು. ಒಂದು ದಿನ ಪೂರ್ತಿ ಪೆಟ್ಟಿಗೆಗಳಿಗೆ ‘ಈ ಬದಿ ಮೇಲೆ’ ಎಂಬ ಚೀಟಿಯನ್ನು ಕೆಳಬದಿಗೆ ಅಂಟಿಸಿದ್ದನ್ನು ನೋಡಿಯೂ ಸರಿ ಎಂದೆ. ಲಾಸ್ಯಳಿಗೆ ಫೋನು ಮಾಡಲು ಧೈರ್ಯವಾಗಲಿಲ್ಲ. ಫೋನು ಎತ್ತುತ್ತಿದ್ದೆ, ಹವಾಮಾನ ಕೇಳಿ ಇಡುತ್ತಿದ್ದೆ. ಒಂದು ಸಂಜೆ ವರಾಂಡದಲ್ಲಿ ಕೂತು ಅವ್ವನ ದನಿಯನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಅವಳ ಮಾತುಗಳೆಲ್ಲ ನೆನಪಿಗೆ ಬಂದವು. ಉಂಡೇನು, ಬಿಸಿಲಾಗ ತಿರುಗಬ್ಯಾಡ, ಕೈ ತೊಳಕೋ. ಆದರೆ ಎಲ್ಲವೂ ನನ್ನದೇ ದನಿಯಲ್ಲಿ ಕೇಳಿಸುತ್ತಿದ್ದವು. ಅವಳದು ಬರಲಿಲ್ಲ. ಬೇಕಾದಾಗ ಸಿಗುತ್ತದೆ ಎಂದು ಆ ವಿಡಿಯೊಗಳನ್ನು ನಾನು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಅವರಿಬ್ಬರೂ ಹಾಗೆ ಕೂತು ಮಾತಾಡುತ್ತಿದ್ದ ಸಂಜೆಗಳಲ್ಲಿ ನಾನು ಕಾರ್ಖಾನೆಯಲ್ಲಿರುತ್ತಿದ್ದೆ. ರಜೆಯಿದ್ದ ದಿನ ಒಳಗೆ ಪೇಪರು ಓದುತ್ತಿದ್ದೆ. ಕಳೆದುಹೋಗಿದ್ದು ನನಗೇ ಗೊತ್ತಿಲ್ಲದ ವಸ್ತು. ಅದು ಏನೆಂದು ದುಃಖಪಡುವುದೂ ಕಷ್ಟವಾಗಿತ್ತು.

ಹೊರಡುವ ದಿನ ಬೋರ್ಡು, ಎರಡು ಡಿಸ್ಕು, ಹಬ್, ವೈರುಗಳು ಎಲ್ಲವನ್ನೂ ಒಂದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಟವೆಲ್ಲು ಸುತ್ತಿ ಇಟ್ಟೆ. ದುವ್ವಾಡ ಸ್ಟೇಷನ್ನಿನ ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಿದ್ದ ಪೊಲೀಸ್ ಹೆಣ್ಣುಮಗಳು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, “ಇದೇಮಿಟಂಡಿ?” ಎಂದಳು.

“ಕಂಪ್ಯೂಟರು” ಎಂದೆ.

“ಸ್ಕ್ರೀನ್ ಏದಿ?” ಪರದೆ ಎಲ್ಲಿ ಎಂದು.

“ಇಲ್ಲ.”

“ಕೀಬೋರ್ಡು?”

“ಮಗಳ ಹತ್ತಿರ ಇನ್ನೊಂದು ಇದೆ.”

“ಮರಿ ಇಂದುಲೋ ಏಮುಂದಿ?” ಹಾಗಾದರೆ ಇದರೊಳಗೆ ಏನಿದೆ?

ಇದಕ್ಕೆ ಪ್ರಾಮಾಣಿಕ ಉತ್ತರವೆಂದರೆ ಏನೂ ಇಲ್ಲ ಎಂಬುದೇ. ಆದರೆ ಏನೂ ಇಲ್ಲದ್ದನ್ನು ಇಷ್ಟು ಜೋಪಾನವಾಗಿ ಟವೆಲ್ಲು ಸುತ್ತಿ ಏಕೆ ಒಯ್ಯುತ್ತಿದ್ದೀಯ ಎಂದರೆ ಏನು ಹೇಳಲಿ? ನಾನು ತೊದಲುತ್ತಿರುವಾಗ ಪದ್ಮ ಮುಂದೆ ಬಂದು, ಇದರಲ್ಲಿ ನಮ್ಮ ಅತ್ತೆಯ ವಿಡಿಯೊ ಇದೆ, ತೀರಿಕೊಂಡಿದ್ದಾರೆ, ನಮ್ಮ ತಂದೆಗೆ ತೋರಿಸಲು ಒಯ್ಯುತ್ತಿದ್ದೇವೆ ಎಂದು ತೆಲುಗಿನಲ್ಲಿ ನಿಧಾನವಾಗಿ ಹೇಳಿದಳು. ಆ ಹೆಣ್ಣುಮಗಳ ಮುಖ ಮೆತ್ತಗಾಯಿತು. ತಾನೇ ಟವೆಲ್ಲನ್ನು ಸರಿಯಾಗಿ ಸುತ್ತಿ ಮುಚ್ಚಳ ಹಾಕಿ, ಜಾಗ್ರತೆ ಎಂದು ಕೈಗೆ ಕೊಟ್ಟಳು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ರಾಜಮಂಡ್ರಿಯ ಹತ್ತಿರ ಗೋದಾವರಿಯ ಸೇತುವೆ ಬಂತು. ಪದ್ಮ ಕಿಟಕಿಯಿಂದ ನದಿಗೆ ಕೈಮುಗಿದಳು. ಅಲ್ಲಿಯವರೆಗೆ ಹೇಗೋ ತಡೆದಿದ್ದೆ. ಸೇತುವೆ ಬಹಳ ಉದ್ದ, ಹೇಳಿ ಮುಗಿಸಲು ಹೊತ್ತು ಸಾಕಾಗುತ್ತದೆ ಎನಿಸಿ, ಎಲ್ಲವನ್ನೂ ಹೇಳಿಬಿಟ್ಟೆ. ರೈಲಿನ ಸದ್ದಿನಲ್ಲಿ ಎರಡೆರಡು ಸಲ ಹೇಳಬೇಕಾಯಿತು. ಅವಳು ಕೈಮುಗಿದದ್ದನ್ನು ಬಿಡಿಸಲಿಲ್ಲ.

“ನನಗೆ ಗೊತ್ತಿತ್ತು” ಎಂದಳು ಕೊನೆಗೆ. “ಐದು ದಿನದಿಂದ ಕೇಬಲ್ಲು ಕೇಬಲ್ಲು ಅಂತೀರಿ, ಒಂದು ಸಲವಾದರೂ ಕೇಬಲ್ಲನ್ನ ಮುಟ್ಟಲಿಲ್ಲ.”

“ಮತ್ತ ಯಾಕ ಕೇಳಲಿಲ್ಲ?”

“ಕೇಳಿದ್ದರೆ ಹೌದು ಅಂತಿದ್ರಿ. ಅದನ್ನ ಕೇಳೋಕೆ ನನಗೂ ಧೈರ್ಯ ಇರಲಿಲ್ಲ.”

ಏಲೂರು ದಾಟಿದ ಮೇಲೆ ಅವಳು ಚೀಲದಿಂದ ಪುಳಿಹೋರ, ಅಂದರೆ ಹುಣಸೆ ಅನ್ನ, ತೆಗೆದು, ಮೊದಲು ನನಗೇ ಬಡಿಸಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಒನ್ ಟೌನಿನಲ್ಲಿ ಮಾವನವರ ಮನೆ ಸಗಟು ಅಂಗಡಿಗಳ ಓಣಿಯಲ್ಲಿ ಇರುವ ಹಳೆಯ ಮಹಡಿ ಮನೆ. ಕೆಳಗೆ ಹೊರೆಗಾಡಿಗಳು, ಕಾಗದದ ಬಂಡಲುಗಳು, ಮೇಲೆ ನೆಂಟರು. ಲಾಸ್ಯ ಮೆಟ್ಟಿಲಲ್ಲೇ ಎದುರಾಗಿ ಡಬ್ಬಿಯನ್ನು ಇಸಿದುಕೊಂಡಳು. ಪದ್ಮಳನ್ನೂ ಕರೆದುಕೊಂಡು ಒಳಕೋಣೆಗೆ ಹೋಗಿ, ಬಾಗಿಲು ಹಾಕಿ ಲಾಸ್ಯಳಿಗೆ ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ವೈದ್ಯರಂತೆ ಪ್ರಶ್ನೆ ಕೇಳತೊಡಗಿದಳು. ಕಾಪಿಯಾದ ಮೇಲೆ ಫೈಲುಗಳನ್ನು ಕಣ್ಣಾರೆ ನೋಡಿದೆಯಾ? ನೋಡಿದೆ. ಕಾಪಿ ಮಾಡುವ ಮೊದಲು ಯಂತ್ರ ಏನಾದರೂ ಹೇಳಿತಾ? ಹೇಳಿತು. ಏನು? ಗೊತ್ತಿಲ್ಲ. ಮೆಮೊರಿ ಕಾರ್ಡನ್ನು ಏನಾದರೂ ಮಾಡಿದೆಯಾ? ಅದಕ್ಕೆ ಕೈ ಹಚ್ಚಿಲ್ಲ, ಅಷ್ಟು ದೊಡ್ಡ ಹೊಸ ಡಿಸ್ಕಿನಲ್ಲೇ ಜಾಗ ಕಡಿಮೆಯಿದೆ ಎಂದು ಬೇರೆ ಬರುತ್ತಿತ್ತು ಎಂದೆ.

ಅವಳು ತಟ್ಟನೆ ತಲೆ ಎತ್ತಿದಳು. “ಜಾಗ ಕಡಿಮೆ ಅಂತ ಬಂತಾ? ಯಾವಾಗ?”

“ಕಾಪಿ ಆದ ಕೂಡಲೇ.”

ಅವಳ ಮುಖದಲ್ಲಿ ಒಂದು ನಗೆ ಮೂಡಿತು. ಪೆದ್ದ ಅಪ್ಪನನ್ನು ಪಡೆದವರ ನಗೆ. ಬೋರ್ಡನ್ನು ಕೋಣೆಯ ಸಣ್ಣ ಪರದೆಗೆ ಜೋಡಿಸಿದಳು. ಒಂದೇ ಒಂದು ಸಾಲು ಟೈಪ್ ಮಾಡಿದಳು. ‘ಉಗ್ರಾಣ’ದ ಬಾಗಿಲು ತೆರೆದಳು. ಹತ್ತು ವಿಡಿಯೊಗಳೂ ಇದ್ದಲ್ಲೇ ಇದ್ದವು.

ನಾನು ಮಂಚದ ಮೇಲೆ ಕೂತುಬಿಟ್ಟೆ. ಪದ್ಮ ಬಾಗಿಲಿಗೆ ಒರಗಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಎಲ್ಲಿದ್ದವು ಎಂದು ಕೇಳಿದೆ. ಲಾಸ್ಯ ಗೋಡೆಯಲ್ಲಿದ್ದ ದೀಪದ ಗೂಡನ್ನು ತೋರಿಸಿದಳು. “ನೀನು ಆ ಗೂಡಿನ ಮುಂದೆ ಬೀರು ಇಟ್ಟಿದ್ದೀನಿ ಅಂದ್ಕೊಂಡು ಸಾಮಾನು ಜೋಡಿಸಿದೆ. ಆದರೆ ಬೀರು ಬಂದೇ ಇರಲಿಲ್ಲ. ಸಾಮಾನೆಲ್ಲ ಗೂಡಿಗೇ ಹೋಯಿತು, ಅಂದರೆ ಮೆಮೊರಿ ಕಾರ್ಡಿಗೆ. ಮೂರನೇ ಸಾಲು ಸರಿಯಾಗಿ ಒತ್ತಿದ್ದೆಯಲ್ಲ, ಕರೆಂಟು ಹೋಗಿ ಬಂದ ಮೇಲೆ ಬೀರು ತಾನಾಗಿ ಬಂದು ಗೂಡಿನ ಮುಂದೆ ಕೂತಿತು. ನೀನು ಬೀರು ತೆಗೆದು ನೋಡಿದೆ, ಖಾಲಿ. ಹಿಂದೆ ಗೂಡು ಹಾಗೇ ಇತ್ತು. ನಾನು ಈಗ ಬೀರು ಸರಿಸಿದೆ, ಅಷ್ಟೇ.”

“ಅಂದರೆ ನಾನು ಮೊದಲು ಆ ತಪ್ಪು ಮಾಡದೇ ಇದ್ದಿದ್ದರೆ...”

“ಡಿಸ್ಕು ಸರಿಯಾಗಿ ಕೂತಿರೋದು. ಎಲ್ಲಾ ಸರಿಯಾಗಿರೋದು.”

ನನ್ನ ಮೊದಲ ತಪ್ಪು ಎರಡನೆಯದರಿಂದ ನಮ್ಮನ್ನು ಉಳಿಸಿತು ಎಂಬ ಗೌರವವನ್ನಾದರೂ ಪಡೆಯೋಣವೆಂದಿದ್ದೆ. ಅದೂ ಸಿಗಲಿಲ್ಲ. ಅವಳು ಅಲ್ಲೇ ಕೂತು ವಿಡಿಯೊಗಳನ್ನು ಹೊಸ ಡಿಸ್ಕಿಗೆ, ತನ್ನ ಲ್ಯಾಪ್‌ಟಾಪಿಗೆ, ಕೊನೆಗೆ ಒಂದು ಪೆನ್‌ಡ್ರೈವಿಗೂ ಹಾಕಿದಳು. ಪೆನ್‌ಡ್ರೈವನ್ನು ಅಮ್ಮನ ಕೈಗೆ ಕೊಟ್ಟಳು.

ಮರುದಿನ ಶಾಂತಿ ಮುಗಿದು, ಊಟವಾಗಿ, ನೆಂಟರೆಲ್ಲ ನಡುಮನೆಯಲ್ಲಿ ಟಿವಿಯ ಮುಂದೆ ಕೂತರು. ಮಾವನವರನ್ನು ನಡುವಿನ ದಿವಾನದ ಮೇಲೆ ಕೂರಿಸಿ, ನನ್ನನ್ನು ಅವರ ಪಕ್ಕದಲ್ಲಿ ಕೂರಿಸಿದರು. ವರಾಂಡ ಬಂತು, ಎರಡು ಕುರ್ಚಿ ಬಂದವು. ಅವ್ವ ಸೆರಗಿನ ತುದಿಯಿಂದ ಕುರ್ಚಿ ಒರೆಸಿ ಕೂತಳು. ಗಂಟಲು ಸರಿಮಾಡಿಕೊಂಡಳು. ಆ ಒಂದು ಸದ್ದಿಗೇ ನನಗೆ ಅವಳ ದನಿಯೆಲ್ಲ ಒಟ್ಟಿಗೆ ನೆನಪಾಗಿ, ಎದುರಿನ ಪರದೆ ಸ್ವಲ್ಪ ಹೊತ್ತು ಮಸುಕಾಯಿತು. ಮಾವನವರು ಪರದೆಯಲ್ಲಿ ಕಾಗದದ ದರದ ಬಗ್ಗೆ ಏನೋ ಹೇಳಿದರು. ಅವ್ವ ಪೂರ್ತಿ ಕೇಳಿ, ಕುರ್ಚಿಯನ್ನು ಅವರ ಕಡೆಗೆ ಸ್ವಲ್ಪ ಎಳೆದುಕೊಂಡು, ದನಿ ತಗ್ಗಿಸಿದಳು.

“ನೋಡ್ರಿ ಬೀಗರ, ನಿಮಗೊಂದು ಮಾತು ಹೇಳತೀನಿ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಹುಡುಗ ಮನಸಿನಾಗ ಬಂಗಾರದಂಥಾವ. ಆದರ ಅವನ ಕೈ ಸುಮ್ಮನ ಇರಂಗಿಲ್ಲ. ನಡಿಯೋ ಗಡಿಯಾರ ಬಿಚ್ಚತಾನ, ನಿಂತ ಮ್ಯಾಲ ನನ್ನ ಮಾರಿ ನೋಡತಾನ. ಅವರಪ್ಪನ ಸೈಕಲ್ಲು, ನನ್ನ ಹೊಲಿಗಿ ಮಷೀನು, ಒಂದೂ ಬಿಟ್ಟಿಲ್ಲ. ನಿಮ್ಮ ಮನಿಯಾಗ ಏನರ ನೆಟ್ಟಗ ನಡದಿದ್ದರ ಅವನ ಕೈಗೆ ಕೊಡಬ್ಯಾಡ್ರಿ.”

ಪರದೆಯಲ್ಲಿದ್ದ ಮಾವನವರು ಬಹಳ ಹೊತ್ತು ಯೋಚಿಸಿ, “ಅಲಾಗೇನಮ್ಮಾ” ಎಂದರು. ಹಾಗೆಯೇ ಆಗಲಿ ತಾಯಿ ಎಂದು.

ನಡುಮನೆಯಲ್ಲಿದ್ದ ಇಪ್ಪತ್ತು ಜನರೂ ನನ್ನ ಕಡೆ ತಿರುಗಿದರು. ಅವ್ವನ ಹಾವೇರಿ ಕಡೆಯ ಕನ್ನಡ ಪೂರ್ತಿ ತಿಳಿಯುವವನು ಅಲ್ಲಿ ನಾನೊಬ್ಬನೇ. ಏನಂದರು, ಏನಂದರು ಎಂದು ಪದ್ಮಳ ಅತ್ತಿಗೆ ಕೇಳಿದಳು. ನಾನು ಕಣ್ಣೊರೆಸಿಕೊಂಡು, ವಿಜಯವಾಡದವರು ಬಹಳ ಒಳ್ಳೆಯವರು, ನನ್ನ ಮಗನಿಗೆ ಇಂಥ ಮನೆ ಸಿಕ್ಕಿದ್ದು ಪುಣ್ಯ ಎನ್ನುತ್ತಿದ್ದಾಳೆ ಎಂದು ತೆಲುಗಿನಲ್ಲಿ ಹೇಳಿದೆ. ಎಲ್ಲರೂ ಆಹಾ ಎಂದರು. ಲಾಸ್ಯ ಮಾತ್ರ ನನ್ನನ್ನೇ ನೋಡಿದಳು. “ನಾನ್ನಾ, ಗಡಿಯಾರ ಅಂದಹಾಗಿತ್ತು” ಎಂದಳು. ಪುಣ್ಯ ಬರುವ ಗಳಿಗೆ ಎಂದು ಅರ್ಥ, ಹಳೆಯ ಕನ್ನಡ, ನಿನಗೆ ತಿಳಿಯುವುದಿಲ್ಲ ಎಂದೆ.

ಆಗ ಪಕ್ಕದಲ್ಲಿದ್ದ ಮಾವನವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ನನಗೆ ಮಾತ್ರ ಕೇಳುವಷ್ಟು ಮೆತ್ತಗೆ, “ನಾಕು ಆ ರೋಜೇ ಅರ್ಥಮಯಿಂದಿ, ಅಲ್ಲುಡುಗಾರು” ಎಂದರು. ನನಗೆ ಆ ದಿನವೇ ಅರ್ಥವಾಗಿತ್ತು, ಅಳಿಯಂದಿರೇ.

ಈ ಆರು ವರ್ಷ ಆ ಮನೆಗೆ ಹೋದಾಗಲೆಲ್ಲ ನಲ್ಲಿ ಸೋರಿದರೆ ನಾನು ಏಳುವ ಮೊದಲೇ ಯಾರೋ ಓಡಿ ಬರುತ್ತಿದ್ದರು. ಬಲ್ಬು ಹೋದರೆ ನನ್ನನ್ನು ಬಲವಂತವಾಗಿ ಕೂರಿಸಿ ಕಾಫಿ ಕೊಡುತ್ತಿದ್ದರು. ಹೊಸ ಮಿಕ್ಸರ್ ತಂದಾಗ ನಾನು ಊರಿಗೆ ಹೊರಡುವವರೆಗೂ ಅದರ ಪೆಟ್ಟಿಗೆ ಒಡೆಯಲಿಲ್ಲ. ಇದೆಲ್ಲ ಅಳಿಯನಿಗೆ ಆಂಧ್ರದವರು ತೋರಿಸುವ ಮರ್ಯಾದೆ ಎಂದು ನಾನು ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಅವ್ವನ ಮಾತು ಮುಂದೆ ಹೋಗಿ ರೊಟ್ಟಿಗೆ ಬಂದಿತ್ತು. ಆ ಗಂಟಲು ಸರಿಮಾಡಿಕೊಳ್ಳುವ ಸದ್ದನ್ನು ಇನ್ನೊಮ್ಮೆ ಕೇಳಬೇಕೆನಿಸಿತು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಹಾಕೋಣ ಎನ್ನುತ್ತಾ ನಮ್ಮಿಬ್ಬರ ನಡುವೆ ಇದ್ದ ರಿಮೋಟಿಗೆ ಕೈ ಚಾಚಿದೆ. ಮಾವನವರು ಪರದೆಯಿಂದ ಕಣ್ಣು ತೆಗೆಯದೆ, ಅದನ್ನು ಎತ್ತಿ ತಮ್ಮ ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡರು.